ಹಿಮ್ಮಡಿಯಲ್ಲಿ ಉಳಿದ ಸೀಮೆಸುಣ್ಣ

ಮಕ್ಕಳು ಆಕೆಗೆ ಇಟ್ಟಿದ್ದ ಹೆಸರು ಮೂರ್ಸಲ ಟೀಚರ್. ಮುಂಗೈ ಮೂರು ಸಲ, ಬಾಯಿ ಮೂರು ಸಲ, ಮೂಗು ಮೂರು ಸಲ, ಮುಖ ಮೂರು ಸಲ ಎಂದು ಹದಿನಾರು ವರ್ಷ ಹೇಳಿದ್ದನ್ನೇ ಹೇಳಿ ಆಕೆಯ ಹುಟ್ಟುಹೆಸರು ಎಲ್ಲಿ ಕಳೆದುಹೋಯಿತೋ, ಹುಡುಕುವ ಗೋಜಿಗೂ ಯಾರೂ ಹೋಗಿರಲಿಲ್ಲ. ಅಡ್ಡಹೆಸರು ಮಕ್ಕಳ ಬಾಯಿಂದ ತಾಯಂದಿರ ಬಾಯಿಗೆ, ತಾಯಂದಿರಿಂದ ತರಕಾರಿ ಅಂಗಡಿಯವನಿಗೆ ದಾಟಿ, ಕಡೆಗೆ ಗಂಡನೂ ಅದನ್ನೇ ಹಿಡಿದುಕೊಂಡ. ಅವನು ನಲ್ಲಿ, ಪೈಪು ರಿಪೇರಿ ಮಾಡುವವನು. “ನಾನು ಬೆಳಗಿಂದ ನೀರು ನಿಲ್ಲಿಸ್ತಾ ಬರ್ತೀನಿ, ನೀನು ನಾಲ್ಕು ಗಂಟೆಗೆ ಹೋಗಿ ಬಿಡಿಸ್ತೀಯ. ಲೆಕ್ಕ ಚುಕ್ತಾ,” ಎಂದು ಅವನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ.

ಆಕೆ ಸಂಜೆ ಮಕ್ಕಳ ತರಗತಿ ನಡೆಸುತ್ತಿದ್ದ ಮಸೀದಿಯ ಹಿಂಭಾಗದಲ್ಲಿ ವುಜೂ ಮಾಡುವ ಜಾಗ. ನಮಾಜಿಗೆ ನಿಲ್ಲುವ ಮುಂಚೆ ಕೈ, ಮುಖ, ಕಾಲು ತೊಳೆದುಕೊಳ್ಳುವುದೇ ವುಜೂ. ಅಲ್ಲೊಂದು ಉದ್ದನೆಯ ಗಿಡ್ಡ ಗೋಡೆ, ಗೋಡೆಗೆ ಒಂಬತ್ತು ನಲ್ಲಿ, ಪ್ರತಿ ನಲ್ಲಿಯ ಎದುರು ಕೂರಲು ಸಿಮೆಂಟಿನ ಪುಟ್ಟ ಕಟ್ಟೆ, ಕಾಲಬುಡದಲ್ಲಿ ನೀರು ಹರಿದುಹೋಗುವ ಮೋರಿ. ದೊಡ್ಡವರಿಗೆಂದು ಕಟ್ಟಿದ ಕಟ್ಟೆಯಲ್ಲಿ ಐದಾರು ವರ್ಷದ ಮಕ್ಕಳು ಕುಳಿತರೆ ಕಾಲು ನೇತಾಡುತ್ತಿದ್ದವು, ನಲ್ಲಿಗೆ ಕೈ ಎಟುಕುತ್ತಿರಲಿಲ್ಲ. ಗಂಡ ಒಂದು ಭಾನುವಾರ ಬಂದು ಮೂರು ನಲ್ಲಿಗಳನ್ನು ಬಿಚ್ಚಿ, ಗೇಣುದ್ದ ಕೆಳಗಿಳಿಸಿ ಕೊಟ್ಟಿದ್ದ. ಆ ಮೂರು ನಲ್ಲಿಗಳ ಮುಂದೆ ಇಪ್ಪತ್ತೆರಡು ಮಕ್ಕಳು ಸಾಲುಗಟ್ಟುತ್ತಿದ್ದರು.

ಅವರಿಗೆ ಕಲಿಸುವುದೆಂದರೆ ಸುಮ್ಮನೆ ಮಾತಲ್ಲ. ಮಡಚಿದ ತೋಳು ಮೊಣಕೈಗೆ ನೀರು ಹಾಕುವಷ್ಟರಲ್ಲಿ ಜಾರಿ ಬೀಳುತ್ತದೆ. ಮೂಗಿಗೆ ನೀರು ಎಳೆದುಕೊಂಡವಳು ಸೀನಿ ಪಕ್ಕದವಳ ಮುಖ ತೊಳೆಸುತ್ತಾಳೆ. ಎಡಗಾಲು ಯಾವುದು ಬಲಗಾಲು ಯಾವುದು ಎಂದು ಜಗಳ ಹತ್ತುತ್ತದೆ. ಒಮ್ಮೆ ಒಬ್ಬ, “ಟೀಚರ್, ಬಾಯಿ ಮುಕ್ಕಳಿಸೋ ನೀರು ನುಂಗಿಬಿಟ್ಟೆ. ಹೊಟ್ಟೆಗೂ ವುಜೂ ಆಯ್ತಲ್ವಾ?” ಎಂದು ಕೇಳಿದ್ದ. ಆಕೆ ನಗು ತಡೆಯಲಾರದೆ ಮುಖ ತಿರುಗಿಸಿಕೊಂಡಿದ್ದಳು.

ಹೊಡೆಯಬಾರದು ಎಂಬುದೊಂದು ಆಕೆಯ ಹಟ. ಆಕೆಗೆ ವುಜೂ ಕಲಿಸಿದ್ದು ಆಕೆಯ ಅಪ್ಪ. ಮಗಳು ಕೈ ತೊಳೆದು ಎದ್ದ ಕೂಡಲೇ ಮೊಣಕೈ ಮೇಲೆ ಬೆರಳಾಡಿಸಿ ನೋಡುವರು. ಒಣಗಿದ್ದ ಕಡೆ ಮರದ ಅಳತೆಪಟ್ಟಿಯ ಅಂಚಿನಿಂದ ಒಂದು ಏಟು. ಈಗಲೂ ಮೊಣಕೈಗೆ ತಣ್ಣೀರು ತಗುಲಿದರೆ ಆಕೆಯ ಹೆಗಲು ತಾನಾಗಿ ಬಿಗಿಯಾಗುತ್ತಿತ್ತು. ಹಾಗಾಗಿ ಹೊಡೆಯದೆ ಕಲಿಸುವ ಉಪಾಯವೊಂದನ್ನು ಆಕೆಯೇ ಹುಡುಕಿಕೊಂಡಳು. ಬೋರ್ಡಿಗೆ ಬರೆದು ಮಿಕ್ಕ ಸೀಮೆಸುಣ್ಣದ ತುಂಡುಗಳನ್ನು ನುಣ್ಣಗೆ ಕುಟ್ಟಿ ಪೌಡರ್ ಡಬ್ಬಿಯಲ್ಲಿ ತುಂಬಿಟ್ಟುಕೊಂಡು, ಹತ್ತಿಯಿಂದ ಪ್ರತಿ ಮಗುವಿನ ಮೊಣಕೈ, ಹಿಮ್ಮಡಿಗಳಿಗೆ ಬಿಳಿ ಚುಕ್ಕಿ ಇಡುವಳು. ವುಜೂ ಮುಗಿದ ಮೇಲೆ ತಪಾಸಣೆ. ಚುಕ್ಕಿ ಉಳಿದಿದ್ದರೆ ಅಲ್ಲಿಗೆ ನೀರು ಮುಟ್ಟಿಲ್ಲ ಎಂದು ಅರ್ಥ. ಮಕ್ಕಳಿಗೆ ಅದೊಂದು ಆಟ. ಬೇರೆ ತರಗತಿಯ ಟೀಚರುಗಳೂ ಬಂದು ನೋಡಿಹೋದರು. ಆಕೆಗೆ ಹೆಮ್ಮೆಯಾಗದೆ ಇರುತ್ತದೆಯೇ?

ಆ ಆಟಕ್ಕೆ ಒಂದು ಮಾತನ್ನೂ ಸೇರಿಸಿಕೊಂಡಿದ್ದಳು. “ಒಂದೇ ಒಂದು ಚುಕ್ಕಿ ಒಣಗಿ ಉಳಿದ್ರೂ ವುಜೂ ಆಗಲ್ಲ. ವುಜೂ ಆಗದಿದ್ರೆ ನಮಾಜು ಆಗಲ್ಲ. ನಮಾಜು ಆಗದಿದ್ರೆ ನೀವು ಕೇಳಿದ್ದು ಮೇಲಕ್ಕೆ ಹೋಗಲ್ಲ ಮಕ್ಕಳೇ. ಈ ಸೂರಿಗೆ ಬಡಿದು ವಾಪಸ್ ಬಿದ್ದುಬಿಡುತ್ತೆ!” ಎನ್ನುತ್ತಾ ಕೈ ಮೇಲೆತ್ತಿ ‘ಧೊಪ್’ ಎಂದು ಕೆಳಗೆ ಬಿಡುವಳು. ಮಕ್ಕಳೆಲ್ಲ ಸೂರು ನೋಡಿ ‘ಧೊಪ್’ ಎಂದು ಕೂಗುತ್ತಿದ್ದರು.

ಅವರಲ್ಲೊಬ್ಬಳು ಕೂಗುತ್ತಿರಲಿಲ್ಲ. ಏಳು ವರ್ಷದವಳು, ಕಡ್ಡಿಯ ಹಾಗಿದ್ದಳು. ಮನೆಯಲ್ಲೂ ಹೊರಗೂ ಎಲ್ಲರಿಗೂ ಗುಬ್ಬಿ. ಅವಳ ತಾಯಿ ಸಿದ್ಧ ಉಡುಪಿನ ಫ್ಯಾಕ್ಟರಿಯಲ್ಲಿ ಕಾಲರ್ ಹೊಲಿಯುವವಳು. ಅಪ್ಪ ಲಾರಿಯ ಮೇಲೆ, ಹದಿನೈದು ದಿನಕ್ಕೊಮ್ಮೆ ಮನೆ. ಗುಬ್ಬಿಯನ್ನು ಕರೆತರುವುದು, ಕರೆದೊಯ್ಯುವುದು ಅಜ್ಜಿ.

ಆ ವರ್ಷ ಗುಬ್ಬಿಗೆ ತಮ್ಮ ಹುಟ್ಟಿದ, ದಿನ ತುಂಬುವ ಮೊದಲೇ. ಅಂಗೈಯಷ್ಟಿದ್ದ ಕೂಸನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂದು ಗುಬ್ಬಿಯೇ ಬಂದು ಹೇಳಿದಳು. “ಅವನಿಗೆ ನನ್ನ ಬೆರಳಷ್ಟು ಕಾಲಿದೆ ಟೀಚರ್.” ಹನ್ನೊಂದು ದಿನ ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಹನ್ನೆರಡನೆಯ ದಿನ ಇರಲಿಲ್ಲ.

ಒಂದು ವಾರ ಬಿಟ್ಟು ಗುಬ್ಬಿ ಮತ್ತೆ ಬಂದಳು. ಟೀಚರ್ ತಲೆ ಸವರಿ, ಪಕ್ಕದಲ್ಲಿ ಕೂರಿಸಿಕೊಂಡಳು. ಮಗು ಅಳಲಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ ಎಂದು ಎಲ್ಲರೂ ಅಂದುಕೊಂಡರು, ಟೀಚರ್ ಕೂಡ.

ಮೂರು ನಾಲ್ಕು ವಾರ ಕಳೆದವು. ಗುಬ್ಬಿ ನಲ್ಲಿಯ ಮುಂದೆ ಕುಳಿತರೆ ಏಳುವುದು ತಡವಾಗತೊಡಗಿತು. ಉಳಿದವರೆಲ್ಲ ನೀರು ಚಿಮುಕಿಸಿಕೊಂಡು ಓಡುತ್ತಿದ್ದಾಗ ಇವಳೊಬ್ಬಳು ಬೆರಳ ಸಂದು ಸಂದು ತಿಕ್ಕಿ ತೊಳೆಯುವಳು. ಟೀಚರಿಗೆ ಮೊದಲಿಗೆ ಖುಷಿಯೇ ಆಯಿತು. “ಗುಬ್ಬೀನ ನೋಡಿ ಕಲೀರೋ! ನಿಮ್ಮ ಹಾಗೆ ನೀರಿಗೆ ನಮಸ್ಕಾರ ಹೇಳಿ ಓಡಿಬರಲ್ಲ,” ಎಂದು ಎಲ್ಲರೆದುರು ಹೇಳಿದಳು. ಒಂದಲ್ಲ, ಮೂರು ನಾಲ್ಕು ಸಲ ಹೇಳಿದಳು.

ಮೊದಲು ಕಣ್ಣಿಗೆ ಬಿದ್ದದ್ದು ಗಂಡನಿಗೆ. ವಾಲ್ವು ಸರಿಮಾಡಲು ಬಂದವನು ಸ್ಪ್ಯಾನರ್ ಒರೆಸಿಕೊಳ್ಳುತ್ತಾ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದ: “ಆ ಮಗು ಕೈ ನೋಡಿದ್ಯಾ?”

“ಯಾವ ಮಗು?”

“ಅದೇ, ಇನ್ನೂ ಕೂತಿದೆಯಲ್ಲ. ಗಾರೆ ಕೆಲಸದವರ ಕೈ ಹಾಗಾಗಿದೆ ಕಣೇ.”

ಉಳಿದ ಮಕ್ಕಳು ಒಳಗೆ ಸಾಲು ನಿಂತಾಗಿತ್ತು. ಟೀಚರ್ ಹೋಗಿ ಗುಬ್ಬಿಯ ಪಕ್ಕದ ಕಟ್ಟೆಯಲ್ಲಿ ಕುಳಿತಳು. ಗೆಣ್ಣುಗಳು ಒಡೆದು, ಬಿರುಕುಗಳಲ್ಲಿ ರಕ್ತ ಗೆರೆಗಟ್ಟಿತ್ತು. ಬೆರಳ ಸಂದುಗಳು ಬೆಂದ ಹಾಗೆ ಕೆಂಪಗಿದ್ದವು. ಗುಬ್ಬಿ ಬಲಗಾಲನ್ನು ತೊಳೆಯುತ್ತಾ, “ಒಂದು, ಎರಡು,” ಎಂದು ಎಣಿಸುವಳು. ಏನೋ ನೆನಪಾದವಳಂತೆ ನಿಂತು, ಮತ್ತೆ ಮುಂಗೈಯಿಂದ ಶುರುಮಾಡುವಳು.

“ಆಯ್ತು ಪುಟ್ಟಾ, ಎದ್ದೇಳು.”

“ಒಂದು ನಿಮಿಷ ಟೀಚರ್.”

ಒಂದು ನಿಮಿಷ ಹೋಗಿ ಹತ್ತಾಯಿತು. ಟೀಚರ್ ಕೈ ಚಾಚಿ ನಲ್ಲಿ ತಿರುಗಿಸಿ ನಿಲ್ಲಿಸಿದಳು. ಗುಬ್ಬಿ ಕಿರುಚಿದ ರೀತಿಗೆ ಒಳಗೆ ಸಾಲಿನಲ್ಲಿ ನಿಂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

“ಎಲ್ಲಾ ಕಡೆ ಒದ್ದೆಯಾಗಿದೆ. ನೋಡು, ನಾನೇ ನೋಡ್ತಾ ಇದ್ದೀನಲ್ಲ!”

“ನಿಮಗೆ ಕಾಣದೇ ಇರೋ ಕಡೆ ಇದ್ರೆ?” ಎಂದಳು ಗುಬ್ಬಿ. ಕೊನೆಗೆ ಅಜ್ಜಿ ಬಂದು ಎತ್ತಿಕೊಂಡು ಹೋಗಬೇಕಾಯಿತು.

ಮರುದಿನ ಟೀಚರ್ ಅವರ ಮನೆಗೆ ಹೋದಳು. ಎರಡನೇ ಮಹಡಿಯಲ್ಲಿ ಎರಡು ಕೋಣೆ. ಬಾಗಿಲ ಪಕ್ಕದಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಬಿಳಿ ಕಾಲರುಗಳ ಕಟ್ಟು. ಸ್ನಾನದ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ತಾಯಿ ಕುರ್ಚಿ ಎಳೆದುಕೊಟ್ಟಳು. ಮಗು ಕಳೆದುಕೊಂಡ ಮೇಲೆ ಅವಳು ಇನ್ನೂ ಸೊರಗಿಯೇ ಇದ್ದಳು.

“ಚರ್ಮದ ಡಾಕ್ಟರು ಮುಲಾಮು ಕೊಟ್ಟಿದ್ದಾರೆ. ಸೋಪು ಬದಲಾಯಿಸಿ ಅಂದ್ರು, ಬದಲಾಯಿಸಿದೆ,” ಎಂದಳು.

ಅಜ್ಜಿ ಮಧ್ಯೆ ಬಾಯಿ ಹಾಕಿದಳು. “ಈ ವಯಸ್ಸಿಗೇ ಎಷ್ಟು ಶ್ರದ್ಧೆ ಅಂತೀರಿ! ಬೆಳಿಗ್ಗೆ ಎದ್ದು ಕೂತ್ರೆ ಟ್ಯಾಂಕ್ ಖಾಲಿಯಾಗೋವರೆಗೂ ಏಳಲ್ಲ. ಕೆಳಗಿನ ಮನೆಯವರು ಬಂದು ಜಗಳ ಆಡಿ ಹೋದ್ರು.”

“ಟೀಚರ್ ಹೇಳಿದ್ದಾರೆ ಅಂತಾಳೆ,” ಎಂದಳು ತಾಯಿ. “ನೀವು ಹೇಳಿದ್ದೀರಿ ಅಂದ್ಮೇಲೆ ನಾನು ಬೇಡ ಅನ್ನೋದು ಹೇಗೆ? ಅದಕ್ಕೇ ಚಿಲಕ ಹಾಕಿಟ್ಟೆ.”

ಆ ಮಾತು ಟೀಚರಿಗೆ ಎಲ್ಲೋ ನಾಟಿತು. ಗುಬ್ಬಿಯನ್ನು ಹುಡುಕಿಕೊಂಡು ಹೊರಗೆ ಹೋದರೆ ಅವಳು ಮೆಟ್ಟಿಲ ಮೇಲೆ ಕುಳಿತು, ಎರಡೂ ಕೈಗಳನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡಿದ್ದಳು. ಟೀಚರ್ ಒಂದು ಮೆಟ್ಟಿಲು ಕೆಳಗೆ ಕುಳಿತಳು. ಮಗುವೇ ಬಾಯಿಬಿಟ್ಟಿತು.

“ಅವತ್ತು ನೀವು ನನ್ನ ಕಾಲು ನೋಡಲಿಲ್ಲ ಟೀಚರ್.”

“ಯಾವತ್ತು?”

“ತಮ್ಮ ಪೆಟ್ಟಿಗೇಲಿ ಇದ್ನಲ್ಲ, ಕೊನೇ ದಿನ. ಅಜ್ಜಿ ಹೇಳಿದ್ರು, ನೀನು ಚಿಕ್ಕವಳು, ನಿನ್ನ ದುವಾ ಅಲ್ಲಾಹ್‌ಗೆ ಬೇಗ ಮುಟ್ಟುತ್ತೆ, ತಮ್ಮ ಉಳೀಲಿ ಅಂತ ನೀನೇ ಕೇಳು ಅಂತ. ನಾನು ದಿನಾ ಕೇಳ್ತಿದ್ದೆ. ಅವತ್ತೂ ಕೇಳಿದೆ. ಮನೆಗೆ ಹೋಗಿ ಸಾಕ್ಸು ತೆಗೆದ್ರೆ…” ಗುಬ್ಬಿ ತನ್ನ ಎಡ ಹಿಮ್ಮಡಿಯನ್ನು ತೋರಿಸಿದಳು. “ಇಲ್ಲಿ ಬಿಳಿ ಹಾಗೇ ಇತ್ತು.”

ಟೀಚರಿಗೆ ಆ ದಿನ ನೆನಪಾಯಿತು. ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಮಕ್ಕಳ ಸಾಲು ಕರಗುತ್ತಲೇ ಇರಲಿಲ್ಲ. ಕೊನೆಯ ನಾಲ್ಕು ಮಕ್ಕಳನ್ನು ಆಕೆ ತಪಾಸಣೆ ಮಾಡದೆ, “ಹೋಗಿ ಹೋಗಿ, ಹೊತ್ತಾಯ್ತು,” ಎಂದು ಒಳಗೆ ಅಟ್ಟಿದ್ದಳು. ಆ ನಾಲ್ವರಲ್ಲಿ ಗುಬ್ಬಿಯೂ ಇದ್ದಳು.

“ಧೊಪ್ ಅಂತ ಬಿದ್ದುಹೋಯ್ತು,” ಎಂದಳು ಗುಬ್ಬಿ. ಅವಳ ಮುಖದಲ್ಲಿ ಅಳುವಿರಲಿಲ್ಲ. ದೊಡ್ಡವರು ಮುಗಿದುಹೋದ ಸಂಗತಿಯನ್ನು ಹೇಳುವಾಗ ಇರುವಂಥ ಮುಖ ಅದು.

ಟೀಚರ್ ಏನಾದರೂ ಹೇಳಬೇಕಿತ್ತು. ಹೇಳದೆ, ಮಗುವಿನ ಬೆನ್ನು ತಟ್ಟಿ, ತಾಯಿಗೆ “ಆಮೇಲೆ ಬರ್ತೀನಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಬಂದುಬಿಟ್ಟಳು. ಆ ಓಟಕ್ಕಾಗಿ ಆಕೆ ಮುಂದೆ ಯಾವತ್ತೂ ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ಮನೆಯಲ್ಲಿ ಗಂಡ ಪೈಪಿನ ತುದಿಗೆ ತಿರುಪಿನ ಗೆರೆ ಕೊರೆಯುತ್ತಾ ಕುಳಿತಿದ್ದ. “ಏನ್ ಮೂರ್ಸಲ, ಮುಖ ಯಾಕೆ ಸೋರ್ತಾ ಇದೆ?” ಎಂದ. ಆಕೆ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದಳು. ಅವನು ಕೆಲಸ ನಿಲ್ಲಿಸಿದ.

“ನಮ್ಮಪ್ಪ ಹೊಡೀತಿದ್ರು,” ಎಂದಳು ಆಕೆ. “ಏಟು ಮೊಣಕೈ ಮೇಲೇ ಉಳೀತು. ನಾನು ಹೊಡೀದೇನೇ ಆ ಮಗೂಗೆ ಎಲ್ಲಿ ಹೊಡೆದೆ ನೋಡು.”

ಮಾರನೆಯ ದಿನ ಇಮಾಮರ ಬಳಿ ಹೋದಳು. ಇಮಾಮರು ವಯಸ್ಸಾದವರು, ಕಿವಿ ಸ್ವಲ್ಪ ಮಂದ. ಆಕೆ ಜೋರಾಗಿ ಹೇಳಬೇಕಾದ್ದರಿಂದ ತನ್ನ ತಪ್ಪು ತನಗೇ ಎರಡು ಪಟ್ಟು ಕೇಳಿಸಿತು. ಅವರು ಪೂರ್ತಿ ಕೇಳಿ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಒಣಗಿದ ಕಡೆ ಉಳೀಬಾರದು ಅನ್ನೋದು ಸರಿ. ಅದು ದೊಡ್ಡವರಿಗೆ. ಏಳು ವರ್ಷದ ಮಗೂಗೆ ಯಾವ ನಮಾಜು ಕಡ್ಡಾಯ? ಅಭ್ಯಾಸ ಅಷ್ಟೇ ಅಲ್ವೇನಮ್ಮ? ಮುಗಿಸಿ ಎದ್ದ ಮೇಲೆ ಬರೋ ಅನುಮಾನಕ್ಕೆ ಕಿವಿ ಕೊಡಬೇಡಿ ಅಂತಲೂ ಕಲಿಸಬೇಕಿತ್ತು. ದುವಾ ಕೇಳೋಕಂತೂ ವುಜೂನೇ ಬೇಕಾಗಿಲ್ಲ. ಈ ಸೂರಿಗೆ ಬಡಿದು ಬೀಳೋ ಮಾತು ನಿಮಗೆ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ. ಮಕ್ಕಳು ನಗ್ತಾರೆ ಅಂತ ನಾನೇ ಸೇರಿಸಿದ್ದು.”

ಇಮಾಮರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ಹೋಗಿ ಹೇಳಿ,” ಎಂದರು. “ಮಗೂಗೆ ನಾನು ಹೇಳಿದ್ರೆ ಆಗಲ್ಲ. ನೀವು ಹೇಳಿದ್ದನ್ನ ನೀವೇ ವಾಪಸ್ ತಗೋಬೇಕು.”

ಅಂದು ಸಂಜೆ ಗುಬ್ಬಿಯ ಮನೆಗೆ ಹೋದಾಗ ತಾಯಿ ಹೊಲಿಗೆ ಯಂತ್ರದ ಮುಂದೆ ಇದ್ದಳು. ಗುಬ್ಬಿ ನೆಲದ ಮೇಲೆ ಕುಳಿತು ಕಾಲರುಗಳ ಎಳೆ ಕತ್ತರಿಸುತ್ತಿದ್ದಳು. ಬೆರಳಿನ ರಕ್ತ ಬಿಳಿ ಬಟ್ಟೆಗೆ ಹತ್ತದಂತೆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿದ್ದರು. ಟೀಚರ್ ಅವಳೆದುರು ನೆಲದ ಮೇಲೇ ಕುಳಿತಳು.

“ಗುಬ್ಬಿ, ನಾನು ನಿಂಗೆ ಒಂದು ಸುಳ್ಳು ಹೇಳಿದ್ದೆ. ನಾವು ಕೇಳಿದ್ದು ಸೂರಿಗೆ ಬಡಿದು ಬೀಳಲ್ಲ. ಅದು ನಾನೇ ಕಟ್ಟಿದ ಮಾತು. ನಿನ್ನ ಹಿಮ್ಮಡಿ ಒಣಗಿದ್ರೂ, ನೀನು ವುಜೂನೇ ಮಾಡದಿದ್ರೂ, ತಮ್ಮನಿಗೋಸ್ಕರ ನೀನು ಕೇಳಿದ್ದು ಅಲ್ಲಾಹ್‌ಗೆ ಕೇಳಿಸಿತ್ತು. ನಿನ್ನಿಂದ ಏನೂ ಆಗಲಿಲ್ಲ.”

ಯಂತ್ರದ ಸದ್ದು ನಿಂತಿತು.

ಗುಬ್ಬಿ ಟೀಚರ ಮುಖವನ್ನೇ ನೋಡಿದಳು. “ಕೇಳಿಸಿದ್ರೆ ಮತ್ತೆ ತಮ್ಮ ಯಾಕೆ ಹೋದ?”

ದಾರಿಯುದ್ದಕ್ಕೂ ಆಕೆ ಇದಕ್ಕೆ ಉತ್ತರ ಜೋಡಿಸಿಕೊಂಡು ಬಂದಿದ್ದಳು. ಮೂರು ನಾಲ್ಕು ಒಳ್ಳೆಯ ಉತ್ತರಗಳಿದ್ದವು. ಇನ್ನೊಂದು ಕಟ್ಟಿದ ಮಾತು ಹೇಳಲು ನಾಲಿಗೆ ಏಳಲಿಲ್ಲ. “ನಂಗೆ ಗೊತ್ತಿಲ್ಲ ಪುಟ್ಟಾ,” ಎಂದಳು.

ತಾಯಿ ಎದ್ದು ಬಂದಳು. ಅವಳಿಗೆ ಈ ಸಂಗತಿ ಗೊತ್ತಾದದ್ದು ಆ ಗಳಿಗೆಯಲ್ಲಿ. ಮೊದಲು ಮೂಲೆಯಲ್ಲಿ ಕುಳಿತಿದ್ದ ಅತ್ತೆಯನ್ನು ನೋಡಿದಳು. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಆಮೇಲೆ ತಾಯಿ ಟೀಚರ ಕಡೆ ತಿರುಗಿದಳು.

“ಎರಡು ತಿಂಗಳು! ನನ್ನ ಮಗಳು ಎರಡು ತಿಂಗಳು ಇದನ್ನ ಹೊತ್ಕೊಂಡು ನನ್ನ ಪಕ್ಕದಲ್ಲೇ ಮಲಗಿದ್ಲಾ?” ಅವಳ ದನಿ ಏರಲಿಲ್ಲ, ಒಡೆಯಿತು. “ನಾನು ಬಸುರಿನಲ್ಲಿ ಬಟ್ಟೆ ಕಟ್ಟು ಎತ್ತಿದ್ದಕ್ಕೇ ಹೀಗಾಯ್ತು ಅಂತ ನಾನು ಅಂದ್ಕೋತಿದ್ದೆ. ನಾನೊಬ್ಬಳು ಅಂದ್ಕೊಂಡ್ರೆ ಸಾಕಾಗಿತ್ತಲ್ಲ ಟೀಚರ್. ಅವಳ್ಯಾಕೆ?” ಬಾಗಿಲು ತೋರಿಸಿ, “ಈಗ ಹೋಗಿ,” ಎಂದಳು.

ಗುಬ್ಬಿ ಮಸೀದಿಯ ತರಗತಿಗೆ ಬರುವುದು ನಿಂತಿತು. ಚರ್ಮದ ಡಾಕ್ಟರು ಮಕ್ಕಳ ಮನಸ್ಸಿನ ಡಾಕ್ಟರ ಬಳಿಗೆ ಕಳಿಸಿದರು. ಇದಕ್ಕೊಂದು ಕಾಯಿಲೆಯ ಹೆಸರೂ ಉಂಟು, ಔಷಧಿಯೂ ಉಂಟು, ಆದರೆ ನಿಧಾನ ಎಂದು ಸುದ್ದಿ ಬಂತು. ಮಗುವಿನ ಸ್ವಭಾವದಲ್ಲೇ ಅದರ ಬೀಜ ಇದ್ದಿರಬಹುದು, ಯಾರೊಬ್ಬರ ಮಾತಿನಿಂದಲೇ ಆಗಿದ್ದಲ್ಲ ಎಂದೂ ಡಾಕ್ಟರು ಹೇಳಿದರಂತೆ. ಗಂಡ ಅದನ್ನು ಹಿಡಿದುಕೊಂಡು ಆಕೆಗೆ ಸಮಾಧಾನ ಹೇಳಿದ. ಆಕೆ ತಲೆಯಾಡಿಸಿದಳೇ ಹೊರತು ಸಮಾಧಾನವಾಗಲಿಲ್ಲ. ಬೀಜ ಇದ್ದರೆ ಇರಲಿ, ನೀರೆರೆದದ್ದು ಯಾರು?

ಸೀಮೆಸುಣ್ಣದ ಆಟವನ್ನು ಆಕೆ ಬಿಟ್ಟಳು. ಒಂದು ಶುಕ್ರವಾರ ತಾಯಂದಿರನ್ನೆಲ್ಲ ಕರೆಸಿ, ತಾನು ಮಕ್ಕಳಿಗೆ ಹೇಳಿದ್ದರಲ್ಲಿ ಯಾವುದು ತಪ್ಪು ಎಂದು ನಿಂತು ಹೇಳಿದಳು. ಕೆಲವರು ಕಣ್ಣೊರೆಸಿಕೊಂಡರು. ಕೆಲವರಿಗೆ ಸಿಟ್ಟು ಬಂತು. “ಟೀಚರೇ ತಪ್ಪಾಯ್ತು ತಪ್ಪಾಯ್ತು ಅಂದ್ರೆ ಮಕ್ಕಳಿಗೆ ಭಯ ಭಕ್ತಿ ಬರೋದು ಎಲ್ಲಿಂದ?” ಎಂದು ಒಬ್ಬಾಕೆ ತನ್ನ ಇಬ್ಬರನ್ನೂ ಬಿಡಿಸಿಕೊಂಡು ಹೋದಳು. ಇಪ್ಪತ್ತೆರಡು ಇದ್ದದ್ದು ಹದಿನೈದಾಯಿತು. ಆ ಹದಿನೈದರ ಮುಂದೆಯೂ ಆಕೆಗೆ ಮೊದಲಿನ ಹಾಗೆ ಮಾತು ಹರಿಯುತ್ತಿರಲಿಲ್ಲ. ಬಾಯಿಗೆ ಬಂದ ಪ್ರತಿ ಮಾತನ್ನೂ ತಡೆದು, ಇದು ಯಾವ ಮಗುವಿನ ಎದೆಯಲ್ಲಿ ಏನಾಗಿ ಕೂರುತ್ತದೋ ಎಂದು ಯೋಚಿಸುವಳು. ಮಕ್ಕಳಿಗೂ ಗೊತ್ತಾಗುತ್ತಿತ್ತು. “ಟೀಚರ್ ಯಾಕೆ ಮಧ್ಯದಲ್ಲೇ ನಿಲ್ಲಿಸ್ತಾರೆ?” ಎಂದು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಹೀಗೆ ಎಂಟು ತಿಂಗಳು. ಒಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಆಕೆ ಮೋರಿ ಗುಡಿಸುತ್ತಿದ್ದಾಗ, ಗೇಟಿನ ಬಳಿ ಗುಬ್ಬಿಯ ತಾಯಿ ನಿಂತಿದ್ದಳು. ಪಕ್ಕದಲ್ಲಿ ಗುಬ್ಬಿ. ಎತ್ತರವಾಗಿದ್ದಳು. ಕೈಗಳ ಗಾಯ ಮಾಯ್ದು ತೊಗಲು ತೆಳ್ಳಗೆ ಹೊಳೆಯುತ್ತಿತ್ತು.

ತಾಯಿ ಕುಶಲ ಕೇಳಲಿಲ್ಲ. “ಡಾಕ್ಟರು ಹೇಳಿದ್ದಾರೆ, ಒಂದೇ ಸಲ ತೊಳೆದು ಎದ್ದುಹೋಗೋ ಅಭ್ಯಾಸ ಆಗಬೇಕು ಅಂತ. ಮನೇಲಿ ಮಾಡ್ತಾಳೆ. ಇಲ್ಲಿ ಮಾಡೋಕೆ ಹೆದರ್ತಾಳೆ. ಯಾರು ಜೊತೇಲಿ ಇರ್ಬೇಕು ಅಂತ ಕೇಳಿದ್ರೆ ನಿಮ್ಮ ಹೆಸರು ಹೇಳಿದ್ಲು.” “ನಾನು ಹೇಳಿದ್ದಲ್ಲ, ಅವಳೇ ಹೇಳಿದ್ದು,” ಎಂದು ಸೇರಿಸಿದಳು. “ಆದ್ರೆ ಒಂದು. ಅವಳು ಆಯ್ತಾ, ಸರಿಯಾಯ್ತಾ ಅಂತ ಕೇಳ್ತಾಳೆ. ನೀವು ಹೂಂ ಅನ್ನಬಾರದು, ಊಹೂಂ ಅನ್ನಬಾರದು. ನೋಡಲೂಬಾರದು.”

ಹದಿನಾರು ವರ್ಷ ನೋಡುವುದನ್ನೇ ಕೆಲಸ ಮಾಡಿಕೊಂಡಿದ್ದವಳು ಪಕ್ಕದ ಕಟ್ಟೆಯಲ್ಲಿ ಕುಳಿತು, ಎದುರಿನ ಗೋಡೆಯ ಮೇಲೆ ಕಣ್ಣಿಟ್ಟಳು. ನಲ್ಲಿ ತಿರುಗಿದ ಸದ್ದು. ಮುಂಗೈ, ಬಾಯಿ, ಮೂಗು, ಮುಖ. ಕಿವಿಯಿಂದಲೇ ಎಲ್ಲ ಗೊತ್ತಾಗುತ್ತಿತ್ತು. ಕಾಲು ತೊಳೆದ ಮೇಲೆ ನಲ್ಲಿ ನಿಂತಿತು.

“ಟೀಚರ್, ಆಯ್ತಾ?”

ಆಕೆ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕುಳಿತಳು.

“ಟೀಚರ್, ಹೇಳಿ. ಒಂದೇ ಸಲ ಹೇಳಿ. ಎಡಗಾಲು ಸರಿಯಾಗಿದ್ಯಾ?” ಗುಬ್ಬಿ ಮತ್ತೆ ಕೇಳಿದಳು. ಮತ್ತೆ ಕೇಳಿದಳು. ಆಮೇಲೆ ಅಳತೊಡಗಿದಳು. ಟೀಚರ ಬಾಯಿಗೆ ಬಂದ ‘ಆಯ್ತು ಕಂದಾ’ ಎಂಬ ಮಾತನ್ನು ನುಂಗುವುದರಲ್ಲಿ ಕಣ್ಣು ತುಂಬಿ ಗೋಡೆ ಕಾಣದಾಯಿತು. ಅತ್ತ ತಾಯಿ ಗೇಟಿನ ಕಂಬಿಯನ್ನು ಹಿಡಿದುಕೊಂಡು ನಿಂತಿದ್ದಳು.

ಅಂದು ಗುಬ್ಬಿ ಮತ್ತೆ ನಲ್ಲಿ ತಿರುಗಿಸಿ, ಮೊದಲಿನಿಂದ ಎಲ್ಲ ತೊಳೆದುಕೊಂಡಳು. ಮರುದಿನವೂ ಅಷ್ಟೇ. ಮೂರನೆಯ ದಿನ ಕಾಲು ಗಂಟೆ ಅತ್ತು, ಕೊನೆಗೆ ಮೂಗು ಸೀಟಿಕೊಂಡು ಎದ್ದು ಒಳಗೆ ಹೋದಳು. ನಾಲ್ಕನೆಯ ದಿನ ಮತ್ತೆ ವಾಪಸ್ ಬಂದು ಕುಳಿತಳು. ಐದನೆಯ ದಿನ ಹೋದಳು, ಅಳಲಿಲ್ಲ, ಆದರೆ ಬಾಗಿಲಲ್ಲಿ ನಿಂತು ಎರಡು ಸಲ ತಿರುಗಿ ನೋಡಿದಳು.

ಎರಡನೆಯ ದಿನದಿಂದ ತಾಯಿಯೂ ಒಳಗೆ ಬಂದು, ಟೀಚರ್ ಕೂತ ಕಟ್ಟೆಸಾಲಿನ ಇನ್ನೊಂದು ತುದಿಯಲ್ಲಿ ಕೂರುತ್ತಿದ್ದಳು. ಒಂದೆರಡು ಮಾತು ಆಡಿದ್ದರೆ ಅದು ಡಾಕ್ಟರ ವಿಷಯ. ಐದನೆಯ ದಿನ ಮಗಳು ಒಳಗಿರುವಾಗ ತಾಯಿ ತನ್ನ ಚಪ್ಪಲಿಯನ್ನು ನೋಡುತ್ತಾ ಹೇಳಿದಳು: “ಸೋಮವಾರದಿಂದ ಫ್ಯಾಕ್ಟರೀಲಿ ನಂಗೆ ಪಾಳಿ ಬದಲಾಗುತ್ತೆ. ಈ ಹೊತ್ತಿಗೆ ಬರೋಕಾಗಲ್ಲ. ಅತ್ತೆಗೆ ಮಂಡಿನೋವು.”

ತಾಯಿ ಚಪ್ಪಲಿಯಿಂದ ಕಣ್ಣೆತ್ತಿದಳು.

“ನೀವೇ ಮನೆ ಹತ್ರ ಬಂದು ಕರ್ಕೊಂಡು ಬರ್ತೀರಾ?”

“ಬರ್ತೀನಿ,” ಎಂದಳು ಆಕೆ.

“ದಾರೀಲಿ ಏನೂ ಹೇಳಿಕೊಡಬೇಡಿ.”

“ಇಲ್ಲ. ಹೇಳಲ್ಲ.”

ಸೋಮವಾರ ಉಳಿದ ಮಕ್ಕಳನ್ನು ಕಳಿಸಿದ ಮೇಲೆ ಟೀಚರ್ ಆ ಮೆಟ್ಟಿಲು ಹತ್ತಿದಳು. ಗುಬ್ಬಿ ಕೂದಲು ಬಾಚಿಕೊಂಡು ತಯಾರಾಗಿದ್ದಳು. ಬೀದಿಯಲ್ಲಿ ಇಬ್ಬರೂ ಪಕ್ಕಪಕ್ಕ ನಡೆದರು. ಸೈಕಲ್ ಅಂಗಡಿ ದಾಟುವಾಗ ಗುಬ್ಬಿ, ಶಾಲೆಯಲ್ಲಿ ತನ್ನ ಪಕ್ಕ ಕೂರುವವಳ ಮುಂದಿನ ಹಲ್ಲು ಬಿದ್ದುಹೋದ ಕತೆಯನ್ನು ಶುರುಮಾಡಿದಳು. ಅದು ಉದ್ದನೆಯ ಕತೆ. ಟೀಚರ್ ಎಲ್ಲಿಯೂ ಬಾಯಿ ಹಾಕದೆ ಕೇಳಿಸಿಕೊಂಡಳು.